309 ಟ್ರಿಪಲ್: ನೂರು ವರ್ಷದ ಹಿಂದಿನ ದಾಖಲೆ ಯಾಕೆ ಮುರಿದಿಲ್ಲ?

ಪ್ರಶ್ನೆ: ಬೇಸ್‌ಬಾಲ್ ದಾಖಲೆಗಳಲ್ಲಿ ಸ್ಯಾಮ್ ಕ್ರಾಫರ್ಡ್ ಅನ್ನೋ ಹಳೇ ಔಟ್‌ಫೀಲ್ಡರ್‌ನ 309 ಟ್ರಿಪಲ್ ಇನ್ನೂ ಮೊದಲ ಸ್ಥಾನದಲ್ಲಿದೆ. 1917ರಲ್ಲಿ ಅಮೆರಿಕದ ಅತಿ ಎತ್ತರದ ಮಟ್ಟದ ಮೇಜರ್ ಲೀಗ್ ಬಿಟ್ಟವನ ದಾಖಲೆಯನ್ನು ಇಂದಿನ ಆಟಗಾರರು ಯಾಕೆ ಮುಟ್ಟುತ್ತಿಲ್ಲ? ಅವನು ಅಷ್ಟು ಜೋರಾಗಿ ಓಡುತ್ತಿದ್ದನೇ?

ಉತ್ತರ: ಓಡುತ್ತಿದ್ದ, ನಿಜ. ಆದರೆ ಗುಟ್ಟು ಇರುವುದು ಕಾಲಿಗಿಂತ ಮೈದಾನದಲ್ಲಿ.

ಬೇಸ್‌ಬಾಲ್‌ನಲ್ಲಿ ಚೆಂಡು ಹೊಡೆದವನು ಮೂರು ಬೇಸ್ (ಮುಟ್ಟಬೇಕಾದ ಠಾವು) ಸುತ್ತಿ, ಹೊರಟ ಜಾಗಕ್ಕೇ, ಅಂದರೆ ‘ಮನೆ’ಗೆ, ಮರಳಿದರೆ ಒಂದು ರನ್. ಟ್ರಿಪಲ್ ಅಂದರೆ ಒಂದೇ ಹೊಡೆತಕ್ಕೆ ಮೂರನೇ ಬೇಸ್ ತಲುಪುವುದು. ಕ್ರಿಕೆಟ್‌ನಲ್ಲಿ ಬೌಂಡರಿ ಹಗ್ಗವನ್ನು ಹಿಂದಕ್ಕೆ ಸರಿಸಿದರೆ ಫೋರ್ ಕಡಿಮೆಯಾಗಿ, ಓಡಿ ತೆಗೆಯುವ ಮೂರು ರನ್ ಜಾಸ್ತಿಯಾಗುತ್ತವೆ ಅಲ್ವಾ? ಇಲ್ಲೂ ಅದೇ ಲೆಕ್ಕ. ಆಗ ಬಾಸ್ಟನ್‌ನ ಒಂದು ಮೈದಾನದಲ್ಲಿ ಮಧ್ಯದ ಬೇಲಿ 600 ಅಡಿಗೂ ದೂರವಿತ್ತು. ಈಗ ಸುಮಾರು 400 ಅಡಿ. ಚೆಂಡೂ ಹೊಡೆದರೆ ದೂರ ಹಾರದ ‘ಸತ್ತ’ ಚೆಂಡೇ. ಒಂದೇ ಚೆಂಡು ಮಣ್ಣು ಮೆತ್ತಿಕೊಂಡು ಮೆತ್ತಗಾಗುವವರೆಗೂ ಆಡುತ್ತಿದ್ದರು, ಅದಕ್ಕೆ ಎಂಜಲು ಸವರಿ ಎಸೆದರೂ ತಪ್ಪಿರಲಿಲ್ಲ! ಹಾಗಾಗಿ ಬಲವಾಗಿ ಬಾರಿಸಿದ್ದು ಬೇಲಿ ದಾಟುತ್ತಿರಲಿಲ್ಲ, ಫೀಲ್ಡರ್‌ಗಳ ನಡುವೆ ಉರುಳುತ್ತಿತ್ತು. ಕ್ರಾಫರ್ಡ್‌ನ 97 ಹೋಮ್ ರನ್‌ಗಳಲ್ಲೂ (ಒಂದೇ ಹೊಡೆತಕ್ಕೆ ಪೂರ್ತಿ ಸುತ್ತು ಮುಗಿಸುವುದು) ಅರ್ಧಕ್ಕಿಂತ ಹೆಚ್ಚು ಬೇಲಿಯೊಳಗೇ ಓಡಿ ಗಳಿಸಿದ್ದು.

ಹಾಗಂತ ಎಲ್ಲವನ್ನೂ ಕಾಲದ ತಲೆಗೆ ಕಟ್ಟುವಂತಿಲ್ಲ. ಅದೇ ಮೈದಾನ, ಅದೇ ಚೆಂಡಿನಲ್ಲಿ ಆಡಿದವರಿಗಿಂತಲೂ ಅವನೇ ಮುಂದು. ಎರಡನೆಯವನು ಟೈ ಕಾಬ್, 295. ಕಾಬ್ ಇನ್ನೂ ವೇಗದ ಓಟಗಾರ. ಕ್ರಾಫರ್ಡ್‌ನದು ತೋಳಿನ ಬಲ.

ನೆಬ್ರಾಸ್ಕಾದ ವಾಹೂ ಊರಿನವನು, ಹುಟ್ಟಿದ್ದು 1880ರಲ್ಲಿ. ಕ್ಷೌರದ ಕೆಲಸ ಕಲಿಯುತ್ತಿದ್ದ ಹುಡುಗ 1899ರಲ್ಲಿ ಸಿನ್ಸಿನಾಟಿ ತಂಡ ಸೇರಿದ. 1903ರಿಂದ 1917ರವರೆಗೆ ಡೆಟ್ರಾಯಿಟ್. 1914ರ ಒಂದೇ ಸೀಸನ್‌ನಲ್ಲಿ 26 ಟ್ರಿಪಲ್. ಈಗ ಸೀಸನ್‌ಗೆ 10 ಬಂದರೆ ಅದೇ ಸುದ್ದಿ. ಆ ಲೆಕ್ಕದಲ್ಲಿ 309ಕ್ಕೆ 31 ವರ್ಷ ಆಡಬೇಕು! ತಮಾಷೆ ನೋಡಿ, ಅವನ ಬ್ಯಾಟಿಂಗ್ ಸರಾಸರಿಯೂ .309, ಅಂದರೆ ಸಾವಿರ ಸರದಿಗೆ 309 ಹಿಟ್. ಡೆಟ್ರಾಯಿಟ್ 1907, 1908, 1909ರಲ್ಲಿ ವರ್ಲ್ಡ್ ಸೀರೀಸ್ ಅನ್ನೋ ಚಾಂಪಿಯನ್ ಪಟ್ಟದ ಅಂತಿಮ ಸರಣಿಯನ್ನು ಸತತ ಮೂರು ಸಲ ಆಡಿತು, ಮೂರರಲ್ಲೂ ಸೋತಿತು.

ಡೆಟ್ರಾಯಿಟ್ ತಂಡದಲ್ಲಿ ಪಕ್ಕಪಕ್ಕದಲ್ಲೇ ಫೀಲ್ಡಿಂಗ್ ಮಾಡಿದರೂ ಕಾಬ್‌ಗೂ ಇವನಿಗೂ ಅಷ್ಟಕ್ಕಷ್ಟೇ. ಮೈದಾನದಲ್ಲಿ ಮಾತ್ರ ಭಾರಿ ಹೊಂದಾಣಿಕೆ. ಕಾಬ್ ಮೂರನೇ ಬೇಸ್‌ನಲ್ಲಿರುವಾಗ ಕ್ರಾಫರ್ಡ್‌ಗೆ ವಾಕ್ (ನಾಲ್ಕು ತಪ್ಪು ಎಸೆತಕ್ಕೆ ಮೊದಲ ಬೇಸ್ ಬಿಟ್ಟಿ) ಸಿಕ್ಕರೆ, ಆರಾಮಾಗಿ ಮೊದಲ ಬೇಸ್‌ನತ್ತ ನಡೆದು, ಇದ್ದಕ್ಕಿದ್ದಂತೆ ಎರಡನೆಯದಕ್ಕೆ ಓಟ ಕೀಳುತ್ತಿದ್ದ. ಚೆಂಡು ಅವನ ಹಿಂದೆ ಹೋಯಿತೋ, ಕಾಬ್ ಮನೆ ಸೇರಿದ. ಬೇಸ್‌ಬಾಲ್ ದಿಗ್ಗಜರಿಗೆ ಸಲ್ಲುವ ಹಾಲ್ ಆಫ್ ಫೇಮ್ ಗೌರವ ಕ್ರಾಫರ್ಡ್‌ಗೆ ಸಿಕ್ಕಿದ್ದು 1957ರಲ್ಲಿ. ಅವನನ್ನು ಆರಿಸಿ ಎಂದು ಪತ್ರದ ಮೇಲೆ ಪತ್ರ ಬರೆದವನು ಅದೇ ಕಾಬ್.