ಅರವತ್ತು ಜನಕ್ಕೆ ಒಂದೇ "ಯೆಸ್ ಮ್ಯಾಮ್"

ಪತ್ರ: "ಮಂಡ್ಯದ ಪದವಿ ಕಾಲೇಜೊಂದರಲ್ಲಿ ಮೊದಲ ವರ್ಷದ ಬಿ.ಎಸ್ಸಿ.ಗೆ ಕೆಮಿಸ್ಟ್ರಿ ಹೇಳುತ್ತೇನೆ. ಪಾಠ ಇಂಗ್ಲಿಷಿನಲ್ಲಿ. ತರಗತಿಯಲ್ಲಿ ಅರವತ್ತು ಜನ, ಮುಕ್ಕಾಲು ಪಾಲು ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದವರು. ಏನು ಕೇಳಿದರೂ ಮುಂದಿನ ಬೆಂಚಿನ ನಾಲ್ವರನ್ನು ಬಿಟ್ಟರೆ ಯಾರೂ ಬಾಯಿ ಬಿಡುವುದಿಲ್ಲ. ಕನ್ನಡಕ್ಕೆ ಇಳಿದರೆ ಮುಖ ಅರಳುತ್ತದೆ, ಆದರೆ ಪರೀಕ್ಷೆಯಲ್ಲಿ ಒಂದು ವಾಕ್ಯ ಬರೆಯಲಾರರು. ಕನ್ನಡ ಕಿವಿಗೆ ಬಿದ್ದರೆ ವಿಭಾಗದ ಮುಖ್ಯಸ್ಥರಾದ ಎಚ್‌ಒಡಿಗೆ ಸಿಟ್ಟು ಬೇರೆ. ಏನು ಮಾಡಲಿ?"
– ಓದುಗರೊಬ್ಬರು, ಮಂಡ್ಯ

ಮೇಡಂ,

ಕನ್ನಡವೋ ಇಂಗ್ಲಿಷೋ ಎಂಬುದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡೋಣ. ಪ್ರಶ್ನೆ ಕೇಳಿದ ಮೇಲೆ ನೀವು ಎಷ್ಟು ಹೊತ್ತು ಸುಮ್ಮನಿರುತ್ತೀರಿ? ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಶಾಲೆಗಳ ವಿಜ್ಞಾನದ ಪಾಠಗಳನ್ನು ಧ್ವನಿಮುದ್ರಿಸಿಕೊಂಡು ಇದನ್ನೇ ಅಳೆದರು. ಸರಾಸರಿ ಸುಮಾರು 1 ಸೆಕೆಂಡ್. ಅಷ್ಟರೊಳಗೆ ಉತ್ತರ ಬರದಿದ್ದರೆ ಮೇಷ್ಟರೇ ಮತ್ತೆ ಮಾತು ಶುರು ಮಾಡುತ್ತಿದ್ದರು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರೂ ಮಾತಾಡಿದರು. ಅದು ಇಂಗ್ಲಿಷೇ ಆಡುವ ದೇಶದ ಮಾತು. ನಿಮ್ಮ ಮೂರನೇ ಬೆಂಚಿನ ಹುಡುಗಿ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿ, ಕನ್ನಡದಲ್ಲಿ ಯೋಚಿಸಿ, ಉತ್ತರವನ್ನು ಮತ್ತೆ ಇಂಗ್ಲಿಷಿನಲ್ಲಿ ಜೋಡಿಸಿ, ತಪ್ಪಾದರೆ ಹಿಂದಿನವರು ನಕ್ಕಾರು ಎಂಬುದನ್ನೂ ತೂಗಿ ನೋಡಬೇಕು. ಅವಳಿಗೆ 3 ಸೆಕೆಂಡ್ ಎಲ್ಲಿ ಸಾಲುತ್ತದೆ? ಯೋಚಿಸುವ ಕೆಲಸವನ್ನೂ ಇಂಗ್ಲಿಷ್ ಕಟ್ಟುವ ಕೆಲಸವನ್ನೂ ಒಂದೇ ಉಸಿರಿನಲ್ಲಿ ಕೇಳುತ್ತಿದ್ದೇವೆ. ಎರಡನ್ನೂ ಬಿಡಿಸಿ, ಒಂದಾದ ಮೇಲೆ ಒಂದು ಕೇಳಿ.

ಅದಕ್ಕೂ ಮೊದಲು "ಎನಿ ಡೌಟ್ಸ್?", "ಅರ್ಥ ಆಯ್ತಾ?" ಎಂಬ ಎರಡನ್ನೂ ಬಿಟ್ಟುಬಿಡಿ. ಅದಕ್ಕೆ ಬರುವ "ಯೆಸ್ ಮ್ಯಾಮ್" ದೇವಸ್ಥಾನದ ಗಂಟೆಯ ಹಾಗೆ. ಯಾರು ಹೊಡೆದರೂ ಅದೇ ಸದ್ದು, ಯಾರಿಗೆ ಏನು ತಿಳಿಯಿತೆಂದು ಅದರಿಂದ ಗೊತ್ತಾಗುವುದಿಲ್ಲ.

ಪ್ರಶ್ನೆಯ ಜಾತಿಯೂ ಮುಖ್ಯ. "ವಾಟ್ ಈಸ್ ಎಲಿವೇಶನ್ ಆಫ್ ಬಾಯ್ಲಿಂಗ್ ಪಾಯಿಂಟ್?" (ಏನಾದರೂ ಕರಗಿದ್ದರೆ ನೀರು ಕುದಿಯುವ ಬಿಸಿ ಏರುವುದು) ಎಂದು ಕೇಳಿದರೆ ಪುಸ್ತಕದ ಸಾಲು ಬಾಯಿಪಾಠ ಇದ್ದವರು ಮಾತ್ರ ಎದ್ದು ನಿಲ್ಲಬಲ್ಲರು. ನಿಮ್ಮ ಆ ನಾಲ್ವರು ಅವರೇ. ಬದಲಿಗೆ ಆಲೆಮನೆಗೆ ಹೋಗಿ. ಮಂಡ್ಯದ ಎತ್ತರಕ್ಕೆ ನೀರು ಸುಮಾರು 98 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಕೊಪ್ಪರಿಗೆಯ ಪಾಕ ಬೆಲ್ಲದ ಹದಕ್ಕೆ ಬರುವಾಗ 115 ದಾಟಿರುತ್ತದೆ. ನೀರು ಅದೇ, ಒಲೆ ಅದೇ, ಏರಿದ್ದು ಯಾಕೆ? ಕೊಪ್ಪರಿಗೆ ಕಂಡವನಿಗೆ ಇಲ್ಲಿ ಹೇಳಲು ಏನಾದರೂ ಇರುತ್ತದೆ, ಭಾಷೆ ಯಾವುದಾದರೂ ಇರಲಿ.

ಈಗ ಗಡಿಯಾರ ನೋಡಿಕೊಂಡು ಮಾಡುವ ಕೆಲಸ. ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಬೋರ್ಡಿನ ಮೇಲೆ ಬರೆಯಿರಿ. ಬಾಯಲ್ಲಿ ಹೇಳಿ ಬಿಟ್ಟರೆ ಅರ್ಧ ಜನಕ್ಕೆ ಪ್ರಶ್ನೆಯೇ ಕೈತಪ್ಪುತ್ತದೆ. ಒಂದು ನಿಮಿಷ ಎಲ್ಲರೂ ನೋಟ್‌ಬುಕ್ಕಿನಲ್ಲಿ ಗೀಚಲಿ, ಕನ್ನಡ, ಇಂಗ್ಲಿಷ್, ಚಿತ್ರ ಯಾವುದಾದರೂ ಸರಿ. ಮುಂದಿನ ಎರಡು ನಿಮಿಷ ಪಕ್ಕದವರ ಜೊತೆ ಮಾತು, ಕನ್ನಡದಲ್ಲೇ ಆಗಲಿ. ಕೊನೆಯ ಒಂದು ನಿಮಿಷದಲ್ಲಿ ಇಬ್ಬರೂ ಸೇರಿ ಒಂದೇ ಒಂದು ಇಂಗ್ಲಿಷ್ ವಾಕ್ಯ ಬರೆಯಬೇಕು. ಆಮೇಲೆ ಮೂರು ಜೋಡಿಗಳನ್ನು ನೀವೇ ಹೆಸರು ಹಿಡಿದು ಕರೆಯಿರಿ. ನೋಡಿಕೊಂಡು ಓದಲು ಬಿಡಿ, ಓದಿದ್ದೂ ಮಾತೇ. ಎಲ್ಲ ಸೇರಿ ಏಳೆಂಟು ನಿಮಿಷ. ಒಂದು ಪಿರಿಯಡ್ಡಿಗೆ ಎರಡು ಸಲಕ್ಕಿಂತ ಹೆಚ್ಚು ಬೇಡ, ಪೋರ್ಷನ್ ಮುಗಿಯುವುದಿಲ್ಲ.

ಇದು ಕೆಡುವುದು ಸಾಮಾನ್ಯವಾಗಿ ಮೊದಲ ನಿಮಿಷದಲ್ಲೇ. ಮೌನ ಸಹಿಸಲಾಗದೆ ಮೇಡಂ ಬಾಯಿ ಹಾಕುತ್ತಾರೆ, "ಹಿಂಟ್ ಕೊಡಲಾ?" ಎನ್ನುತ್ತಾರೆ. ಕೊಡಬೇಡಿ, ಕಿಟಕಿಯ ಕಡೆ ತಿರುಗಿ ನಿಲ್ಲಿ. ಇನ್ನೊಂದು ತೊಡಕು, ಕೊನೆಯ ವಾಕ್ಯ ಬರೆಯುವುದನ್ನು ಬಿಟ್ಟುಬಿಡುವುದು. ಆಗ ಕನ್ನಡದಲ್ಲಿ ಚೆನ್ನಾಗಿ ತಿಳಿದದ್ದು ಕನ್ನಡದಲ್ಲೇ ಉಳಿಯುತ್ತದೆ. ನಿಮ್ಮ ಮಕ್ಕಳು ಪರೀಕ್ಷೆಯಲ್ಲಿ ಎಡವುತ್ತಿರುವುದು ಇಲ್ಲೇ ಎಂದು ನಮ್ಮ ಅನುಮಾನ.

ಉತ್ತರ ಬಂದ ಮೇಲಿನ ನಿಮ್ಮ ಮಾತು ಎಲ್ಲಕ್ಕಿಂತ ಸೂಕ್ಷ್ಮ. ಭಾಷಾವಿಜ್ಞಾನಿಗಳಾದ ಸಿಂಕ್ಲೇರ್ ಮತ್ತು ಕೂಲ್ತಾರ್ಡ್ 1975ರಲ್ಲಿ ತೋರಿಸಿದ ಹಾಗೆ ತರಗತಿಯ ಮಾತು ಮೂರು ಹೆಜ್ಜೆಯದು: ಮೇಷ್ಟರ ಪ್ರಶ್ನೆ, ಮಕ್ಕಳ ಉತ್ತರ, ಮತ್ತೆ ಮೇಷ್ಟರ ಮಾತು. ಮಾತುಕತೆ ಬೆಳೆಯುವುದೂ ಸಾಯುವುದೂ ಈ ಮೂರನೆಯದರಲ್ಲಿ. ಹುಡುಗನೊಬ್ಬ ಎದ್ದು, "ಶುಗರ್ ಈಸ್ ಮೋರ್, ಸೋ ವಾಟರ್ ಈಸ್ ನಾಟ್ ಈಸಿಲಿ ಗೋಯಿಂಗ್" ಎಂದ ಎನ್ನಿ. "ಗುಡ್, ವೇಪರ್ ಪ್ರೆಶರ್ ಈಸ್ ಲೋವರ್ಡ್, ಸಿಟ್" ಎಂದರೆ ಅವನಿಗೆ ಕೇಳಿಸುವುದು "ಸಿಟ್" ಮಾತ್ರ. ಅವನ ವಾಕ್ಯವನ್ನು ನೀವು ತಿದ್ದಿದ್ದೇ ಅವನಿಗೆ ಗೊತ್ತಾಗಲಿಲ್ಲ. ಕೆನಡಾದ ಫ್ರೆಂಚ್ ಮಾಧ್ಯಮದ ತರಗತಿಗಳನ್ನು ನೋಡಿ ಭಾಷಾ ಸಂಶೋಧಕರಾದ ಲಿಸ್ಟರ್ ಮತ್ತು ರಾಂಟಾ 1997ರಲ್ಲಿ ಬರೆದದ್ದೂ ಇದನ್ನೇ: ಹೀಗೆ ಸದ್ದಿಲ್ಲದೆ ತಿದ್ದುವುದು ಮೇಷ್ಟರುಗಳಿಗೆ ಅತಿ ರೂಢಿ, ಮಕ್ಕಳು ಹಿಡಿದುಕೊಳ್ಳುವುದು ಅತಿ ಕಡಿಮೆ. ಅದರ ಬದಲು ಅವನ ವಾಕ್ಯವನ್ನೇ ಬೋರ್ಡಿನ ಮೇಲೆ ಬರೆದು, "ಗೋಯಿಂಗ್" ಅಡಿಗೆ ಗೆರೆ ಎಳೆದು, "ಗೋಯಿಂಗ್ ವೇರ್?" ಎಂದು ಅವನನ್ನೇ ಕೇಳಿ. "ಇನ್ಟು ಏರ್" ಎನ್ನುತ್ತಾನೆ. ವೇಪರ್, ಅಂದರೆ ಆವಿ, ಎಂಬ ಪದ ಆಗ ತಾನಾಗಿ ಬರುತ್ತದೆ, ಅವನ ಬಾಯಿಂದಲ್ಲದಿದ್ದರೆ ಪಕ್ಕದವನ ಬಾಯಿಂದ. ಒಂದು ಉತ್ತರದಲ್ಲಿ ಒಂದೇ ತಪ್ಪು ತಿದ್ದಿ, ಅದೂ ವಿಷಯಕ್ಕೆ ಸಂಬಂಧಿಸಿದ್ದನ್ನು. ಈಸ್, ಆರ್ ತಪ್ಪಿದರೆ ಪ್ರಪಂಚ ಮುಳುಗುವುದಿಲ್ಲ.

ಇಷ್ಟಾದರೆ ಅಸಲಿ ಪ್ರಶ್ನೆಗಳು ಮಕ್ಕಳಿಂದಲೇ ಏಳುತ್ತವೆ. 342 ಗ್ರಾಂ (ಒಂದು ಮೋಲ್) ಸಕ್ಕರೆಯನ್ನು 1 ಕೆ.ಜಿ. ನೀರಿಗೆ ಹಾಕಿದರೆ ಸೂತ್ರದ ಪ್ರಕಾರ ಏರುವುದು ಅರ್ಧ ಡಿಗ್ರಿ, ಮತ್ತೆ ಕೊಪ್ಪರಿಗೆಯಲ್ಲಿ ಸುಮಾರು ಇಪ್ಪತ್ತು ಡಿಗ್ರಿ ಹೇಗೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಪಾಕ ಹದಕ್ಕೆ ಬರುವ ಹೊತ್ತಿಗೆ ನೀರು ಹೆಚ್ಚುಕಡಿಮೆ ಆರಿ ಹೋಗಿರುತ್ತದೆ, ಆ ಸೂತ್ರ ತೆಳು ದ್ರಾವಣಕ್ಕೆ ಮಾತ್ರ. ಪಠ್ಯಪುಸ್ತಕದ "ಡೈಲ್ಯೂಟ್ ಸೊಲ್ಯೂಶನ್ಸ್ ಓನ್ಲಿ" ಎಂಬ ಸಣ್ಣ ಸಾಲಿಗೆ ಆಗ ಬೆಲೆ ಬರುತ್ತದೆ.

ಇನ್ನು ಕನ್ನಡ. ಪ್ರತಿ ಇಂಗ್ಲಿಷ್ ವಾಕ್ಯದ ಹಿಂದೆಯೇ ಅದರ ಕನ್ನಡ ಹೇಳಬೇಡಿ. ಎರಡನೆಯದು ಬಂದೇ ಬರುತ್ತದೆಂದು ಗೊತ್ತಾದರೆ ಮೊದಲನೆಯದಕ್ಕೆ ಯಾರು ಕಿವಿ ಕೊಡುತ್ತಾರೆ? ಕಾರಣ, ಹೋಲಿಕೆ, ಜೋಡಿ ಚರ್ಚೆ ಕನ್ನಡದಲ್ಲಿರಲಿ. ವ್ಯಾಖ್ಯೆ, ಪರಿಭಾಷೆ, ಪರೀಕ್ಷೆಗೆ ಬರೆಯುವ ವಾಕ್ಯ ಇಂಗ್ಲಿಷಿನಲ್ಲೇ ಇರಲಿ. ಕನ್ನಡ ಬಾರದ ಮಕ್ಕಳು ನಿಮ್ಮಲ್ಲಿ ಕಡಿಮೆ ಇರಬಹುದು, ಮೈಸೂರಿನ ಕಾಲೇಜುಗಳಲ್ಲಿ ಹೆಚ್ಚು. ಎರಡೂ ಬಲ್ಲವರ ಪಕ್ಕ ಅವರನ್ನು ಕೂರಿಸಿ. ಪೂರ್ತಿ ಕನ್ನಡಕ್ಕೇ ಬರಬಾರದೇಕೆ ಎಂದು ನಮ್ಮ ಓದುಗರು ಕೇಳಬಹುದು. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಯಾಗಿದ್ದ ಕುವೆಂಪು ಅವರ ಆಸೆಯೂ ಅದೇ, ನಮಗೂ ಇಷ್ಟವೇ. ಆದರೆ ನಿಮಗೆ ಸೋಮವಾರ ಒಂಬತ್ತೂವರೆಗೆ ಕ್ಲಾಸಿದೆ.

ಎಚ್‌ಒಡಿಯವರ ಜೊತೆ ಬಾಯಿಮಾತಿನ ವಾದ ಬೇಡ. ಯಾವುದಾದರೊಂದು ದಿನ ಮಕ್ಕಳಿಗೆ ಹೇಳಿ, ಮೊಬೈಲನ್ನು ಮೇಜಿನ ಮೇಲಿಟ್ಟು ನಿಮ್ಮ ಪಾಠವನ್ನೇ ರೆಕಾರ್ಡ್ ಮಾಡಿಕೊಳ್ಳಿ. ಮನೆಗೆ ಹೋಗಿ ಮೂರು ಲೆಕ್ಕ ಬರೆಯಿರಿ: ನೀವು ಕೇಳಿದ ಪ್ರಶ್ನೆಗಳೆಷ್ಟು, ಪ್ರತಿ ಪ್ರಶ್ನೆಯ ಮೇಲೆ ಕಾದ ಸೆಕೆಂಡ್ ಎಷ್ಟು, ಐದು ಪದಕ್ಕಿಂತ ಉದ್ದದ ಇಂಗ್ಲಿಷ್ ವಾಕ್ಯ ಹೇಳಿದ ವಿದ್ಯಾರ್ಥಿಗಳೆಷ್ಟು. ಆರು ವಾರ ಬಿಟ್ಟು ಮತ್ತೊಮ್ಮೆ ಮಾಡಿ, ಮೂರನೇ ಸಂಖ್ಯೆ ಏರಿದ್ದರೆ ಎರಡೂ ಹಾಳೆಗಳನ್ನು ಅವರ ಮೇಜಿನ ಮೇಲಿಡಿ. ಏರದಿದ್ದರೆ ನಮಗೆ ಬರೆಯಿರಿ. ಎರಡನೇ ಲೆಕ್ಕದಲ್ಲಿ ಏನು ಬಂತೆಂದು ಮರೆಯದೆ ತಿಳಿಸಿ.

– ಸಂ.