ಮಗಳಿಗೂ ಈಜು ಕಲಿಸಿ
"ಮುಳುಗಿ ಸಾಯುವವರಲ್ಲಿ ಗಂಡಸರೇ ಜಾಸ್ತಿ, ಕಾಸರಗೋಡಿನ ಮುಳ್ಳೇರಿಯದಲ್ಲಿರುವ ನನ್ನ ಮಗಳಿಗೆ ಈಜು ಯಾಕೆ?" ಅಂತ ಕೇಳಿದ್ದೀರಿ. ಲೆಕ್ಕ ಸರಿಯೇ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಗಂಡಸರ ಸಾವಿನ ಪ್ರಮಾಣ ಹೆಂಗಸರ ಎರಡು ಪಟ್ಟಿಗೂ ಜಾಸ್ತಿ. ಆದರೆ ಗಂಡಸರು ನೀರಿಗೆ ಇಳಿಯುವುದೇ ಹೆಚ್ಚು, ಅಲ್ವಾ? ಹುಡುಗಿಯರನ್ನು ನೀರು ಬಿಟ್ಟುಬಿಡುತ್ತದೆ ಅಂತಲ್ಲ. ನೀರಿನಿಂದ ದೂರ ಇಟ್ಟ ಮಾತ್ರಕ್ಕೆ ಅಪಾಯ ತಪ್ಪುವುದೂ ಇಲ್ಲ. ಅಮೆರಿಕದಲ್ಲಿ ಕಪ್ಪು ಜನರನ್ನು ದಶಕಗಳ ಕಾಲ ಈಜುಕೊಳಗಳಿಂದ ದೂರ ಇಟ್ಟರು. ಇವತ್ತಿಗೂ ಅಲ್ಲಿ ಕಪ್ಪು ಮಕ್ಕಳು ಬಿಳಿಯ ಮಕ್ಕಳಿಗಿಂತ ಹೆಚ್ಚು ಮುಳುಗುತ್ತಾರೆ.

ನಮ್ಮ ಕಾಸರಗೋಡಿನ ಕೆಂಪುಕಲ್ಲಿನ ಕೋರೆಗಳನ್ನೇ ನೋಡಿ. ಮಳೆಗಾಲದಲ್ಲಿ ತುಂಬುತ್ತವೆ, ಅಂಚಿಗೆ ಇಳಿಜಾರೇ ಇರುವುದಿಲ್ಲ. ಕಾಲು ಜಾರಿದರೆ ಸೀದಾ ಆಳ. ಒದ್ದೆ ಚೂಡಿದಾರ ಕಾಲಿಗೆ ಸುತ್ತಿಕೊಳ್ಳುತ್ತದೆ. ಕಲಿಸುವುದು ಕೋರೆಯಲ್ಲಿ ಬೇಡ; ಬೇಸಿಗೆಯಲ್ಲಿ, ಆಳ ಕಡಿಮೆ ಇರುವ ಕಡೆ, ಈಜು ಬಲ್ಲವರ ಜೊತೆ ಶುರು ಮಾಡಿಸಿ. ಮೊದಲು ಬೆನ್ನ ಮೇಲೆ ತೇಲುವುದು. ಆಮೇಲೆ ಅದನ್ನೇ ದಿನದ ಬಟ್ಟೆಯಲ್ಲೂ ಮಾಡಿಸಿ.