ದೀಪ ಹಿಡಿಯುವ ಮೊದಲು ತಿಂಡಿ ತಿನ್ನಿ

ಪ್ರಶ್ನೆ: ಬಿ.ಎಸ್ಸಿ. ನರ್ಸಿಂಗ್‌ಗೆ ಈಗಷ್ಟೇ ಸೇರಿದ್ದೇನೆ. ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮ. ಮುಂದಿನ ವಾರ ದೀಪ ಹಿಡಿಸಿ ಪ್ರತಿಜ್ಞೆ ಮಾಡಿಸುತ್ತಾರಂತೆ. ನನಗೋ ರಕ್ತ ಕಂಡರೆ ತಲೆಸುತ್ತು. ತಪ್ಪು ಕೋರ್ಸಿಗೆ ಬಂದೆನಾ?
– ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

ಉತ್ತರ: ಮೊದಲು ಸ್ವಾಗತ ಕಣಮ್ಮ. ನಾನು ಮೊದಲ ದಿನ ವಾರ್ಡಿನಲ್ಲಿ ಡ್ರೆಸಿಂಗ್ ನೋಡುತ್ತಲೇ ಗೋಡೆಗೊರಗಿ ಕುಸಿದಿದ್ದೆ. ಕಣ್ಣು ಬಿಟ್ಟರೆ ಪಕ್ಕದ ಮಂಚದ ರೋಗಿಯೇ ನನಗೆ ನೀರು ಹಿಡಿದಿದ್ದರು! ಆಮೇಲೆ 30 ವರ್ಷ ಅದೇ ಕೆಲಸ ಮಾಡಿದೆ. ತಿಂಡಿ ಬಿಟ್ಟು ವಾರ್ಡಿಗೆ ಹೋಗಬೇಡಿ. ಕಣ್ಣು ಮಂಜಾದರೆ ನಾಚಿಕೆಪಡದೆ ಕೂತುಬಿಡಿ.

ಇಂಗ್ಲಿಷಿನ ಭಯ ಬೇಡ. ‘ಹೈಪೋ’ ಅಂದರೆ ಕಡಿಮೆ, ‘ಹೈಪರ್’ ಅಂದರೆ ಜಾಸ್ತಿ, ಕೊನೆಗೆ ‘ಐಟಿಸ್’ ಬಂದರೆ ಉರಿಯೂತ. ಇಂಥ ಒಂದಷ್ಟು ತುಂಡು ಕಲಿತರೆ ಅರ್ಧ ಪುಸ್ತಕ ಬಿಚ್ಚಿಕೊಳ್ಳುತ್ತದೆ. ಆದರೆ ನಿಮ್ಮ ಕನ್ನಡ ಮರೆಯಬೇಡಿ. ಒಮ್ಮೆ ನಿಮ್ಮ ಕಡೆಯ ಅಜ್ಜಿಯೊಬ್ಬರು ‘ಹೊಟ್ಟಿ ಕಡ್ಯಾಕತ್ತೈತಿ’ ಅಂದರು. ಮೈಸೂರು ಕಡೆಯವಳಾದ ನಾನು ತುರಿಕೆ ಅಂದುಕೊಂಡು ಚರ್ಮ ನೋಡುತ್ತಾ ನಿಂತೆ. ಪಾಪ, ಅವರಿಗೆ ಹೊಟ್ಟೆನೋವು. ನೀವಾಗಿದ್ದರೆ ತಕ್ಷಣ ತಿಳಿಯುತ್ತಿತ್ತು, ಅಲ್ವಾ?

ದೀಪದ ವಿಷಯ: ಅದನ್ನು ಹಿಡಿಸುವುದು ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ನೆನಪಿಗೆ. ಅವರು 1854ರಲ್ಲಿ ಟರ್ಕಿಯ ಸ್ಕುಟಾರಿ ಆಸ್ಪತ್ರೆಗೆ ಹೋದಾಗ ರಾತ್ರಿ ಹಿಡಿದು ಓಡಾಡಿದ್ದು ಮಡಚುವ ಟರ್ಕಿಶ್ ಲಾಟೀನು. ಚಿತ್ರಗಳಲ್ಲಿ ಕಾಣುವ ಕೊಕ್ಕಿನ ದೀಪ ಆಮೇಲೆ ಸೇರಿಕೊಂಡದ್ದು. ಸಮಾರಂಭದಲ್ಲಿ ಇದನ್ನು ಹೇಳಲು ಹೋಗಬೇಡಿ, ಪ್ರಾಂಶುಪಾಲರಿಗೆ ಬೇಸರವಾದೀತು. ಮೇಣ ಮಾತ್ರ ಕೈಗೆ ಬೀಳದಂತೆ ನೋಡಿಕೊಳ್ಳಿ, ಸುಡುತ್ತದೆ.